ಮೂರು ವಾಕ್ಯ, ಒಂದು ಮೀಸೆ

ಬಸಲಿಂಗನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದದ್ದೆಲ್ಲ ಬರುತ್ತಿತ್ತು. ಪೀಣ್ಯದ ಆ ಪಂಪ್ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಪ್ರೆಸ್ ಮಷಿನ್ ಓಡಿಸಿದ್ದ. ಯಾವ ಮಷಿನ್ ಮುನಿಸಿಕೊಂಡಿದೆ, ಯಾವ ಹುಡುಗ ಮುನಿಸಿಕೊಂಡಿದ್ದಾನೆ ಎಂಬುದು ಅವನಿಗೆ ಶಬ್ದದಲ್ಲೇ ತಿಳಿಯುತ್ತಿತ್ತು. ಆದರೆ ಇವತ್ತು ಹನ್ನೊಂದಕ್ಕೆ ಹೊಸ ಲೈನಿನ ಸೂಪರ್‌ವೈಸರ್ ಕೆಲಸದ ಇಂಟರ್‌ವ್ಯೂ. ಮಾಡುವವರು ಮ್ಯಾನೇಜರ್ ವೀರೇಶ್. ಅವರ ಬಾಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ.

"ಭಾಷೆ ಬರ್ದಿದ್ರೆ ಬಿಡು, ಮುಖನಾದ್ರೂ ಆಫೀಸರ್ ಥರ ಇರ್ಲಿ. ಆ ಮೀಸೆ ತೆಗಿ," ಎಂದ ದಾಸರಹಳ್ಳಿಯ ಮನೆ ಓನರ್ ಶ್ಯಾಮಣ್ಣ.

ಸಾಮಾನ್ಯ ಮೀಸೆಯಲ್ಲ ಅದು. ಬಸಲಿಂಗನಿಗಿಂತ ಮೊದಲು ಬಸ್ಸು ಹತ್ತುವಂಥದ್ದು. ಎಂಟು ಗಂಟೆಗೆ ಸಲೂನಿನ ನೆಲದ ಮೇಲಿತ್ತು.

ಗೇಟಿನಲ್ಲಿ ಆಫೀಸಿನ ನಂದೀಶ್ ಸಿಕ್ಕ. "ಮೂರೇ ವಾಕ್ಯ ಮಗಾ. 'ನೋಟೆಡ್ ಸರ್.' 'ಐ ವಿಲ್ ಅಲೈನ್ ದಿ ಟೀಮ್ ಸರ್.' 'ಲೆಟ್ ಅಸ್ ಮೂವ್ ಫಾರ್ವರ್ಡ್ ಸರ್.' ಏನೇ ಕೇಳಿದ್ರೂ ಇದ್ರಲ್ಲೊಂದು ಬಿಡು."

"ಹಂಗಂದ್ರ ಏನ್ರಿ?"

"ಮೀಟಿಂಗಲ್ಲಿ ಅರ್ಥ ಯಾರ್ ಕೇಳ್ತಾರೆ ಗುರು? ಏಳು ವರ್ಷದಿಂದ ನನ್ನ ಜೀವನ ಇದ್ರಲ್ಲೇ ನಡೀತಿದೆ."

ತುಂಬಿದ ಕೊಡ ಹೊತ್ತವನಂತೆ ಮೂರು ವಾಕ್ಯ ಬಾಯಲ್ಲಿಟ್ಟುಕೊಂಡು, ಎಲ್ಲಿ ಚೆಲ್ಲುತ್ತದೋ ಎಂದು ತುಟಿ ಬಿಗಿದು ಬಸಲಿಂಗ ಒಳಗೆ ಬಂದ. ಹಿರಿಯ ಕೆಲಸಗಾರ ಮುದಕಪ್ಪ ಅವನ ಬೋಳು ತುಟಿ ನೋಡಿ ಕೈಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವರ ಊರ ಕಡೆ ಅಪ್ಪ ಬದುಕಿರುವತನಕ ಗಂಡಸು ಮೀಸೆ ತೆಗೆಯುವುದಿಲ್ಲ.

"ಯಾವಾಗ ಹೋದನಪಾ ನಿಮ್ಮಪ್ಪ?"

ಬಸಲಿಂಗ ಇಲ್ಲವೆಂದು ತಲೆ ಅಲ್ಲಾಡಿಸಿದ. ವಾಕ್ಯ ಚೆಲ್ಲೀತೆಂದು ಬಾಯಿ ತೆರೆಯಲಿಲ್ಲ.

"ದುಃಖಕ್ಕ ಮಾತಽ ಹೊರಡವಲ್ದು," ಎಂದು ಮುದಕಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ.

ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ ಸಿದ್ರಾಮ ಒಳ್ಳೆಯ ಹುಡುಗ. ತಡೆಯಲಾರದೆ ಮ್ಯಾನೇಜರ್ ಕೋಣೆಗೆ ಓಡಿ, "ಬಸಲಿಂಗ ಫಾದರ್ ಡೆತ್ ಸರ್," ಎಂದ. ಅವನಿಗೆ ಬರುತ್ತಿದ್ದ ಇಂಗ್ಲಿಷೇ ಅಷ್ಟು.

ಹನ್ನೊಂದಕ್ಕೆ ವೀರೇಶ್ ಎದ್ದು ನಿಂತು ಬಸಲಿಂಗನ ಕೈ ಹಿಡಿದರು. ಮೆಲ್ಲಗೆ ಏನೇನೋ ಹೇಳಿದರು. ಬಸಲಿಂಗನಿಗೆ ತಿಳಿದದ್ದು 'ಫಾದರ್' ಒಂದೇ. ದೊಡ್ಡವರು ಮೊದಲು ಮನೆಯವರ ಯೋಗಕ್ಷೇಮ ಕೇಳುತ್ತಾರೆ ಎಂದುಕೊಂಡು ನಕ್ಕ.

"ನೋಟೆಡ್ ಸರ್."

ವೀರೇಶ್ ಬೆಚ್ಚಿದರು. ಊರಿಗೆ ಹೋಗುವುದಿಲ್ಲವೇ ಎಂದು ಇಂಗ್ಲಿಷಿನಲ್ಲೇ ಕೇಳಿದರು.

"ಐ ವಿಲ್ ಅಲೈನ್ ದಿ ಟೀಮ್ ಸರ್."

"ಬಟ್ ಯುವರ್ ಫಾದರ್..."

"ಲೆಟ್ ಅಸ್ ಮೂವ್ ಫಾರ್ವರ್ಡ್ ಸರ್!"

ವೀರೇಶ್ ಅವನ ಭುಜ ತಟ್ಟಿ ಒಂದು ಕಾಗದಕ್ಕೆ ಸಹಿ ಹಾಕಿ ಕೊಟ್ಟರು. ಬಸಲಿಂಗ ಅದನ್ನು ಎದೆಗೊತ್ತಿಕೊಂಡು ಹೊರಬಂದ. ನಂದೀಶ್ ಓದಿದ.

"ಹನ್ನೊಂದು ದಿನ ರಜೆ ಕಣೋ, ನಿಮ್ಮಪ್ಪನ ಕಾರ್ಯಕ್ಕೆ. ಹೊಸ ಲೈನ್ ಇವತ್ತೇ ಶುರು ಆಗ್ಬೇಕಂತೆ, ಅದ್ಕೆ ಸಿದ್ರಾಮನಿಗೆ ಆರ್ಡರ್ ಹೋಯ್ತು."

ಅಷ್ಟರಲ್ಲಿ ಕೆಳಗೆ ಮಷಿನ್‌ಗಳೆಲ್ಲ ನಿಂತವು. ಇಪ್ಪತ್ತೆರಡು ಜನ ಬಟ್ಟೆ ಬದಲಿಸಿ ಬಸಲಿಂಗನ ಅಪ್ಪನ ಮಣ್ಣಿಗೆ ಹೋಗಲು ಟೆಂಪೋ ಕರೆಸಿದ್ದರು. ವೀರೇಶ್ ಓಡಿಬಂದು ಇಂಗ್ಲಿಷಿನಲ್ಲಿ ಬೇಡಿದರು, ಗದರಿದರು. ಎಲ್ಲರೂ "ಯೆಸ್ ಸರ್" ಎಂದು ಟೆಂಪೋ ಹತ್ತುತ್ತಲೇ ಇದ್ದರು.

ಬಸಲಿಂಗನಿಗೆ ತಡೆಯಲಾಗಲಿಲ್ಲ. "ಏ ಮುದಕಪ್ಪ ಕಾಕಾ! ನಮ್ಮಪ್ಪ ಈಗ ರೊಟ್ಟಿ ತಿಂದು ಹೊಲದಾಗ ಅದಾನ! ಇಂಟರ್‌ವ್ಯೂಕ್ಕಂತ ಮೀಸಿ ತಗಸೇನಿ. ಇಳೀರಿ ಎಲ್ಲಾರೂ! ಇವತ್ತು ಪಂಪಿನ ಲೋಡ್ ಹೋಗಲಿಲ್ಲಂದ್ರ ಬೈಸ್ಕೊಳ್ಳೋದು ನಮ್ಮ ಸಿದ್ರಾಮ. ಮೊದಲನೇ ದಿನಾನ ಅವನ ಮಾನ ಕಳೀತೀರೇನು?"

ನಗೆ ಎದ್ದಿತು. ಒಬ್ಬೊಬ್ಬರಾಗಿ ಇಳಿದರು. ಎರಡು ನಿಮಿಷಕ್ಕೆ ಪ್ರೆಸ್‌ಗಳು ಬಡಿಯತೊಡಗಿದವು.

"ಅಲ್ಲಯ್ಯಾ, ಇದನ್ನ ನನ್ನ ರೂಮಲ್ಲಿ ಯಾಕೆ ಮಾತಾಡ್ಲಿಲ್ಲ?" ಎಂದರು ವೀರೇಶ್. ಅಚ್ಚ ದಾವಣಗೆರೆಯ ಕನ್ನಡ.

ಬಸಲಿಂಗ ಬಾಯಿ ಬಿಟ್ಟ. "ನೀವ್ಯಾಕ್ರಿ ಇಷ್ಟ್ ದಿನ ಮಾತಾಡಲಿಲ್ಲ?"

"ಕನ್ನಡ ಆಡಿದ್ರೆ ಕೆಲಸದವ್ರು ಹೆದರಲ್ಲ ಅಂದಿದ್ದ. ನಾನು ಸೇರಿದ ದಿನಾನೇ, ಈ ನಂದೀಶ್."

ತಿರುಗಿ ನೋಡಿದರೆ ನಂದೀಶ್ ಇರಲಿಲ್ಲ.

"ಸಿದ್ರಾಮನಿಗೆ ಕೊಟ್ಟ ಆರ್ಡರ್ ವಾಪಸ್ ತಗೊಳ್ಳೋಕಾಗಲ್ಲ. ದಸರಾಕ್ಕೆ ಇನ್ನೊಂದು ಲೈನ್ ಬರುತ್ತೆ. ನಿನ್ನ ಮಾತಲ್ಲೇ ಇಂಟರ್‌ವ್ಯೂ. ಮೀಸೆ ಬೆಳೆಸ್ಕೊಂಡು ಬಾ," ಎಂದರು ವೀರೇಶ್.

ಬಸಲಿಂಗ ತುಟಿಯ ಮೇಲೆ ಬೆರಳಾಡಿಸಿದ. ದಸರಾಕ್ಕೆ ಇನ್ನೂ ನಾಲ್ಕು ತಿಂಗಳು, ಅಷ್ಟರಲ್ಲಿ ಬೆಳೆಯುತ್ತದೆ. ರಜೆಯ ಕಾಗದ ವಾಪಸ್ ಕೊಟ್ಟು ಮಷಿನ್ ಹತ್ತಿರ ನಡೆದ.

ಆ ದಿನ ಹೋದದ್ದು ಇಷ್ಟು: ಮೀಸೆ ಒಂದು, ಸೂಪರ್‌ವೈಸರ್ ಕೆಲಸ ಒಂದು, ರಜೆ ಹನ್ನೊಂದು ದಿನ. ಅಪ್ಪ ಹೋಗಿರಲಿಲ್ಲ.