ಕೋಡುಬಳೆ ಡಬ್ಬಿಗೆ ನೂರಕ್ಕೆ ತೊಂಬತ್ತೊಂದು

ಅಂಕ ಹಾಕುವುದು ಒಂದು ಚಟ. ಇಪ್ಪತ್ತೈದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನಿಗೆ ಅದು ರಕ್ತಕ್ಕೇ ಇಳಿದುಬಿಡುತ್ತದೆ. ಮದುವೆಮನೆಯ ಸಾರಿಗೆ ಮನಸ್ಸಿನಲ್ಲೇ ಹತ್ತಕ್ಕೆ ಆರೂವರೆ ಹಾಕಿಕೊಳ್ಳುತ್ತೇನೆ. ಬಸ್ಸಿನ ಡ್ರೈವರು ತಿರುವು ತೆಗೆದುಕೊಂಡ ರೀತಿಗೆ ಏಳು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾಂತಾಳ ಅಡುಗೆಗೂ ಹಾಕುತ್ತಿದ್ದೆ, ಬಾಯಿಬಿಟ್ಟು ಹೇಳಿ. ಎರಡನೇ ವಾರಕ್ಕೇ ನಿಲ್ಲಿಸಿದೆ. ಯಾಕೆ ನಿಲ್ಲಿಸಿದೆ ಅಂತ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಚಟವೇ ಒಂದು ದಿನ ನನ್ನನ್ನು ನಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ಕಳ್ಳನ ಹಾಗೆ ನಿಲ್ಲಿಸುತ್ತದೆ ಎಂದು ಮಾತ್ರ ಎಣಿಸಿರಲಿಲ್ಲ.

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಎದ್ದು ನಿಂತ ಕಾಲ ಅದು. ನನ್ನ ಹಳೇ ಶಿಷ್ಯ, ಹೊಸದುರ್ಗದ ತಿಪ್ಪೇಸ್ವಾಮಿ, ಆ ಯಂತ್ರಗಳ ಕೆಲಸದಲ್ಲಿ ಸೂಪರ್‌ವೈಸರ್ ಆಗಿದ್ದ. ಅವನ ಹತ್ತಿರ ಅಂಗೈಯಗಲದ ಒಂದು ಜಿಪಿಎಸ್ ಯಂತ್ರ. ನಾವು ನಿಂತ ಜಾಗದ ಅಕ್ಷಾಂಶ ರೇಖಾಂಶವನ್ನು ಅದು ಉಪಗ್ರಹವನ್ನು ಕೇಳಿ ಹೇಳುತ್ತಿತ್ತು. ಇದನ್ನಿಟ್ಟುಕೊಂಡು ಹೊರದೇಶದವರು ಒಂದು ಆಟ ಆಡುತ್ತಾರೆ ಸಾರ್, ಜಿಯೋಕ್ಯಾಶಿಂಗ್ ಅಂತ, ಎಂದು ಅವನೇ ಸೈಬರ್ ಸೆಂಟರಿನಲ್ಲಿ ಕೂರಿಸಿ ತೋರಿಸಿದ. ಆಟ ಇಷ್ಟೇ. ಒಬ್ಬ ಒಂದು ಡಬ್ಬಿಯಲ್ಲಿ ಸಣ್ಣ ನೋಟ್‌ಬುಕ್ ಇಟ್ಟು ಎಲ್ಲಾದರೂ ಬಚ್ಚಿಡಬೇಕು, ಜಾಗದ ಅಂಕೆ ಮಾತ್ರ ಹೇಳಬೇಕು. ಉಳಿದವರು ಹುಡುಕಿ, ನೋಟ್‌ಬುಕ್ಕಿನಲ್ಲಿ ರುಜು ಹಾಕಿ, ಡಬ್ಬಿಯನ್ನು ಅಲ್ಲೇ ಇಟ್ಟು ಬರಬೇಕು. ನಮ್ಮ ಜೊತೆಗೆ ಹಿರಿಯೂರಿನ ತೆಂಗಿನಕಾಯಿ ಮಂಡಿಯ ರಾಜಣ್ಣನೂ ಸೇರಿಕೊಂಡ. ಅವನು ನನ್ನ ಸಹಪಾಠಿ. ಮೂವರಿಗೂ ಇರುವುದು ಒಂದೇ ಯಂತ್ರ. ಅದು ಭಾನುವಾರಕ್ಕೊಬ್ಬರ ಜೇಬಿನಲ್ಲಿ ಇರುತ್ತಿತ್ತು.

ನನಗೆ ಮೊದಲ ಆಘಾತವಾದದ್ದು ಆ ಆಟದ ವೆಬ್‌ಸೈಟು ನೋಡಿದಾಗ. ಅಲ್ಲಿ ಡಬ್ಬಿಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತಾರೆ. ಹುಡುಕುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಸಾಲು, ದಾರಿ ಎಷ್ಟು ಕಷ್ಟ ಎಂಬುದಕ್ಕೆ ಇನ್ನೊಂದು. ಯಾರು ಕೊಡುವುದು ಅಂದರೆ, ಬಚ್ಚಿಟ್ಟವನೇ. ಪರೀಕ್ಷೆ ಬರೆದವನೇ ತನ್ನ ಉತ್ತರಪತ್ರಿಕೆ ತಿದ್ದಿಕೊಂಡ ಹಾಗಾಯಿತಲ್ಲ ಇದು ಎಂದು ನಾನು ದಂಗಾಗಿ ಕೂತೆ. ಪಕ್ಕದ ಕುರ್ಚಿಯಲ್ಲಿ ರೈಲ್ವೆ ಪರೀಕ್ಷೆಯ ಫಲಿತಾಂಶ ನೋಡುತ್ತಿದ್ದವನು ನನಗೇನೋ ಆಯಿತು ಅಂತ ನೀರು ತಂದುಕೊಟ್ಟ.

ನಮ್ಮವರೇನು ಕಮ್ಮಿಯಿರಲಿಲ್ಲ. ತಿಪ್ಪೇಸ್ವಾಮಿಯ ಲೆಕ್ಕದಲ್ಲಿ ಗುಣ ಗಿಣ ಏನಿಲ್ಲ. "ಸಿಕ್ತಾ ಸಾರ್? ಒಂದು. ಸಿಗ್ಲಿಲ್ವಾ? ಸೊನ್ನೆ. ಅದ್ರಾಗೇನೈತೆ ನೋಡಾಕೆ" ಅನ್ನುವವನು ಅವನು. ಹಾಲುರಾಮೇಶ್ವರದ ದಾರಿಯಲ್ಲಿ ಅರ್ಧ ದಿನ ಮುಳ್ಳು ತುಳಿದು ಹುಡುಕಿದ ಡಬ್ಬಿಗೂ ಒಂದು, ಹೊಳಲ್ಕೆರೆ ರಸ್ತೆಯ ಮೈಲಿಗಲ್ಲಿನ ಹಿಂದೆ ಸುಮ್ಮನೆ ಕೂತಿದ್ದ ಡಬ್ಬಿಗೂ ಒಂದು. ಇವನಿಗೆ ನಾನೇ ಗಣಿತ ಕಲಿಸಿದ್ದು ಅಂತ ನೆನಪಾದಾಗೆಲ್ಲ ನನಗೆ ನಾಚಿಕೆಯಾಗುತ್ತಿತ್ತು. ರಾಜಣ್ಣನದು ಇನ್ನೊಂದು ಬಗೆ. ಡಬ್ಬಿ ಸಿಕ್ಕಿದ ಮೇಲೆ ಎಷ್ಟು ಹೊತ್ತಿಗೆ ಮಂಡಕ್ಕಿ ಮೆಣಸಿನಕಾಯಿ ಸಿಗುತ್ತದೆ ಎಂಬುದರ ಮೇಲೆ ಅವನ ಅಂಕ. ಅದೂ ಅಲ್ಲದೆ, ಡಬ್ಬಿ ಕೈಗೆ ಬಂದ ಕೂಡಲೇ ತೆಂಗಿನಕಾಯಿಯ ಹಾಗೆ ಬೆರಳಿನಿಂದ ಬಡಿದು ಕಿವಿಗೆ ಹಿಡಿಯುತ್ತಿದ್ದ.

ನಾನು ಇದನ್ನೆಲ್ಲ ಸರಿಪಡಿಸಲು ಹೊರಟೆ. ಒಟ್ಟು ನೂರು ಅಂಕ. ಹುಡುಕುವ ಕಷ್ಟಕ್ಕೆ ನಲವತ್ತು, ದಾರಿಗೆ ಇಪ್ಪತ್ತು, ಡಬ್ಬಿಯ ಗುಣಮಟ್ಟಕ್ಕೆ ಇಪ್ಪತ್ತು, ನೋಟ್‌ಬುಕ್ಕಿನ ಅಚ್ಚುಕಟ್ಟಿಗೆ ಹತ್ತು, ಸುತ್ತಲ ನೋಟಕ್ಕೆ ಹತ್ತು. ಹೋದಲ್ಲೆಲ್ಲ ಕೆಂಪು ಪೆನ್ನಿನಲ್ಲಿ ಅಂಕ ಬರೆದು, ಕೆಳಗೆ 'ಅಕ್ಷರ ದುಂಡಗಾಗಲಿ' ಅಂತ ಷರಾ ಹಾಕಿ ಬರುತ್ತಿದ್ದೆ. ಯುಗಾದಿಯ ಹೊತ್ತಿಗೆ ಎಲ್ಲ ಕೂಡಿಸಿ ವರ್ಷದ ಡಬ್ಬಿ ಯಾವುದೆಂದು ತೀರ್ಮಾನಿಸುವುದು ಅಂತಲೂ ಇಬ್ಬರನ್ನೂ ಒಪ್ಪಿಸಿದೆ. ಅಲ್ಲಿಯವರೆಗೆ ಯಾರೂ ತಮ್ಮ ಡಬ್ಬಿಯನ್ನು ಕದಲಿಸಕೂಡದು. ಈ ನಿಯಮವೂ ನನ್ನದೇ.

ಆಮೇಲೆ ನಾನೊಂದು ಡಬ್ಬಿ ಇಡಬೇಕಾಯಿತು. ಇವರಿಬ್ಬರೂ ಇಡುತ್ತಿದ್ದದ್ದು ಐಸ್‌ಕ್ರೀಮಿನ ಪ್ಲಾಸ್ಟಿಕ್ ಡಬ್ಬಿ, ಅದಕ್ಕೆ ನಾನೇ ಇಪ್ಪತ್ತಕ್ಕೆ ಆರು ಹಾಕಿದ್ದೆ. ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಶಾಂತಾಳ ಕೋಡುಬಳೆ ಡಬ್ಬಿ ಇತ್ತು. ಹಳೇ ಕಾಲದ ದಪ್ಪ ಸ್ಟೀಲು, ಮುಚ್ಚಳ ಹಾಕಿದರೆ ಗಾಳಿ ಕೂಡ ಆಡುವುದಿಲ್ಲ. ಮುಚ್ಚಳದ ಮೇಲೆ ಅವಳ ತಾಯಿಯ ಹೆಸರು ಕೊರೆದಿತ್ತು. ಮದುವೆಗೆ ಕೊಟ್ಟದ್ದು. ಹಬ್ಬಕ್ಕೆ ಬಿಟ್ಟರೆ ಕೆಳಗಿಳಿಯದ ಡಬ್ಬಿ, ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಹೆಸರು ಮುಚ್ಚುವ ಹಾಗೆ ಬಂಡೆಯ ಬಣ್ಣದ ಪೇಂಟು ಬಳಿದು, ಜೋಗಿಮಟ್ಟಿ ಕಡೆಯ ಗುಡ್ಡದ ಒಂದು ಬಂಡೆಸಂದಿಯಲ್ಲಿಟ್ಟು ಕಲ್ಲು ಮುಚ್ಚಿದೆ. ಉಳಿದವರಿಗೆ ಮಾದರಿ ಇರಲಿ ಅಂತ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಅಂಕ ಹಾಕಿ, ತೊಂಬತ್ತೊಂದು ಅಂತ ಕೂಡಿಸಿ, ರುಜು ಮಾಡಿದೆ. ವೆಬ್‌ಸೈಟಿನವರ ಮೇಲೆ ಸಿಟ್ಟಾಗಿದ್ದು ಆಗ ನೆನಪಿಗೇ ಬರಲಿಲ್ಲ.

ರಾಜಣ್ಣ ಒಂದೂವರೆ ಗಂಟೆ ಹುಡುಕಿ ಡಬ್ಬಿ ತೆಗೆದ. ಬಡಿದು ನೋಡಿ, "ಲೇ, ಇದು ಅಂಗಡೀಲಿ ತಂದಿದ್ದಲ್ಲ. ಮನ್ಯಾಗೆ ಹೇಳಿ ತಂದೀಯೇನಪ್ಪ?" ಅಂದ. 'ನೋಟ ನೋಡು, ನೋಟಕ್ಕೂ ಅಂಕ ಉಂಟು' ಅಂತ ನಾನು ಅವನ ಕತ್ತನ್ನು ಆಚೆ ತಿರುಗಿಸಿದೆ.

ಸಂಕ್ರಾಂತಿಯ ಹೊತ್ತಿಗೆ ಶಾಂತಾ ಡಬ್ಬಿ ಹುಡುಕಿದಳು. ಹಲಗೆ, ಅಟ್ಟ, ಮಂಚದ ಕೆಳಗೆ, ಎಲ್ಲೂ ಇಲ್ಲ. ಕೊನೆಗೆ ಪಾತ್ರೆ ತಿಕ್ಕುವ ಲಕ್ಷ್ಮಮ್ಮನನ್ನು ಕೇಳಿದಳು. ಬೈದು ಕೇಳಲಿಲ್ಲ, "ಆ ಡಬ್ಬಿ ಎಲ್ಲಾದರೂ ನೋಡಿದ್ಯಾ ಲಕ್ಷ್ಮಮ್ಮ?" ಅಂತ ಮೆತ್ತಗೇ ಕೇಳಿದಳು. ಒಂದು ವಾರ ಬಿಟ್ಟು ಮತ್ತೆ ಕೇಳಿದಳು. ಮೂರನೇ ಸಲ ಕೇಳಿದ ಮಾರನೆ ದಿನದಿಂದ ಲಕ್ಷ್ಮಮ್ಮ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದನ್ನು ಬಿಟ್ಟಳು. ಹತ್ತು ವರ್ಷದಿಂದ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು ಕುಡಿಯುತ್ತಿದ್ದವಳು, "ಬ್ಯಾಡ್ರಕ್ಕಾರೆ, ಎದೆ ಉರಿತೈತೆ" ಅಂದು ಕೈ ತೊಳೆದು ಹೊರಟುಬಿಡುತ್ತಿದ್ದಳು.

ನನಗೆ ಎಲ್ಲ ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಯುಗಾದಿಗೆ ಇನ್ನು ಎರಡೇ ತಿಂಗಳು, ಡಬ್ಬಿ ಕದಲಿಸಿದರೆ ಸ್ಪರ್ಧೆಯಿಂದ ಹೊರಗೆ. ತೀರ್ಮಾನವಾದ ಮರುದಿನವೇ ತಂದು ಹಲಗೆಯ ಹಿಂದೆ ಇಟ್ಟು 'ಇಲ್ಲೇ ಇದೆಯಲ್ಲೇ' ಅನ್ನುವುದು ಅಂತ ಉಪಾಯ ಮಾಡಿದ್ದೆ. ದಿನಾ ಬೆಳಿಗ್ಗೆ ಆ ಖಾಲಿ ಮೆಟ್ಟಿಲು ನೋಡಿಕೊಂಡು ನನ್ನ ಕಾಫಿ ಕುಡಿಯುತ್ತಿದ್ದೆ. ಅದು ಹೇಗೆ ಗಂಟಲಿಳಿಯಿತೋ.

ಯುಗಾದಿಗೆ ಎಂಟು ದಿನವಿದೆ ಅನ್ನುವಾಗ ಒಂದು ಬೆಳಿಗ್ಗೆ ಲಕ್ಷ್ಮಮ್ಮ ಬಂದು, ಸೆರಗಿನೊಳಗಿಂದ ಡಬ್ಬಿ ತೆಗೆದು ಶಾಂತಾಳ ಮುಂದಿಟ್ಟಳು. ನಾನು ಪೇಪರು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಪೇಂಟೆಲ್ಲ ಹೋಗಿ ಡಬ್ಬಿ ಫಳಫಳ ಹೊಳೆಯುತ್ತಿತ್ತು, ಮುಚ್ಚಳದ ಮೇಲೆ ನಮ್ಮತ್ತೆಯ ಹೆಸರು.

"ನಮ್ಮನೆಯೋರು ಕುರಿ ಹೊಡ್ಕಂಡು ಗುಡ್ಡಕ್ಕೆ ಹೋಗ್ತಾರಲ್ರಿ," ಅಂದಳು ಲಕ್ಷ್ಮಮ್ಮ. "ಮೇಷ್ಟ್ರು ಕೈಯಾಗೆ ಎಂಥದೋ ಹಿಡ್ಕಂಡು ಆ ಬಂಡೆ ಸುತ್ತ ತಿರುಗೋದು ಮೂರ್ನಾಕು ಸಲ ನೋಡ್ಯಾರೆ. ನಿಧಿ ಗಿಧಿ ಸಿಕ್ಕೈತೇನೋ ಅಂತ ನೋಡಿದ್ರೆ ಈ ಡಬ್ಬಿ. ಮನೆಗೆ ತಂದ್ರು. ಬಣ್ಣ ಬಳಿದ್ರೇನಾತು, ಹತ್ತು ವರ್ಸ ತಿಕ್ಕೀನಿ, ಈ ಪಕ್ಕದಾಗಿನ ನೆಗ್ಗು ನನ್ ಕೈಗೆ ಗೊತ್ತಿಲ್ವೇನ್ರಿ."

ಇಲ್ಲಿ ನಾನು ತಲೆ ತಗ್ಗಿಸಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ. "ಹುಡುಕೋಕೆ ಎಷ್ಟು ಹೊತ್ತು ಹಿಡೀತಂತೆ?" ಅಂದೆ.

"ಹುಡುಕೋದೇನು ಬಂತ್ರಿ ಮೇಷ್ಟ್ರೇ. ಕುರಿನೇ ಹೋಗಿ ಮೂಸ್ತಾ ನಿಂತಿತ್ತಂತೆ. ಕೋಡುಬಳೆ ವಾಸ್ನೆ ಹೋಗಿಲ್ಲ ಇನ್ನೂ."

ಹುಡುಕುವ ಕಷ್ಟಕ್ಕೆ ನಾನು ಹಾಕಿಕೊಂಡದ್ದು ನಲವತ್ತಕ್ಕೆ ಮೂವತ್ತೆಂಟು. ಶಾಂತಾ ಅಷ್ಟರಲ್ಲಿ ಡಬ್ಬಿಯೊಳಗಿನ ನೋಟ್‌ಬುಕ್ ತೆರೆದಿದ್ದಳು. "ಡಬ್ಬಿಯ ಗುಣಮಟ್ಟ, ಇಪ್ಪತ್ತಕ್ಕೆ ಇಪ್ಪತ್ತು," ಅಂತ ಗಟ್ಟಿಯಾಗಿ ಓದಿದಳು. ಕೆಳಗಿನ ರುಜುವನ್ನೂ ಓದಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಲಕ್ಷ್ಮಮ್ಮ, ನಾನು ನಿನ್ನ ಕೇಳಬಾರದಿತ್ತು," ಅಂದಳು.

"ಕಳೆದೋದ್ರೆ ಕೇಳ್ತಾರೆ, ತಪ್ಪೇನೈತೆ ಬಿಡ್ರಕ್ಕಾರೆ," ಅಂದಳು ಲಕ್ಷ್ಮಮ್ಮ. ಡಬ್ಬಿಯ ಮುಚ್ಚಳವನ್ನು ಸೆರಗಿನಿಂದ ಒರೆಸುತ್ತ, "ಮೂರು ಸಲ ಕೇಳಿದ್ರಿ," ಅಂದಳು.

ನಾನು ಅಡುಗೆಮನೆಗೆ ಹೋದೆ. ಹಾಲು ಎಲ್ಲಿದೆ, ಡಿಕಾಕ್ಷನ್ ಎಲ್ಲಿದೆ ಅಂತ ಕೇಳುವ ಮುಖ ಇರಲಿಲ್ಲ, ನಾನೇ ಹುಡುಕಿಕೊಂಡೆ. ಒಂದು ಲೋಟ ಕಾಫಿ ಮಾಡಿ ತಂದು ಲಕ್ಷ್ಮಮ್ಮನ ಮುಂದೆ ಹಿಡಿದು, "ತಪ್ಪು ನಂದು, ಲಕ್ಷ್ಮಮ್ಮ. ಗೊತ್ತಿದ್ದೂ ಸುಮ್ಮನಿದ್ದೆ," ಅಂದೆ. ಅವಳು ಲೋಟ ನೋಡಿದಳು, ನನ್ನನ್ನು ನೋಡಿದಳು. ಎದೆ ಉರಿ ಅನ್ನುತ್ತಾಳೆ ಅಂದುಕೊಂಡೆ. ಆಮೇಲೆ ಲೋಟ ತೆಗೆದುಕೊಂಡು ಮೆಟ್ಟಿಲ ಮೇಲೆ ಕೂತು ಒಂದು ಗುಟುಕು ಕುಡಿದಳು.

"ಹೆಂಗೈತೆ?" ಅಂತ ಕೇಳಿದೆ.

"ಕುಡೀಬೋದು," ಅಂದಳು.

ಕುಡೀಬಹುದು ಅಂದರೆ ಹತ್ತಕ್ಕೆ ಎಷ್ಟಾಗುತ್ತದೆ ಎಂದು ನಾಲಿಗೆಯ ತುದಿಗೆ ಬಂದಿತ್ತು. ಜೀವಮಾನದಲ್ಲಿ ಅದೊಂದು ಸಲ ನುಂಗಿಕೊಂಡೆ.