ಕಾಕಾನ ಜೀಪು ತಲೆ ತಗ್ಗಿಸಿದ್ದು

ನಮ್ಮ ಕಾಕಾನ ಜೀಪಿನಷ್ಟು ವಿನಯವುಳ್ಳ ಗಾಡಿಯನ್ನು ನೀವು ಬೆಳಗಾವಿ ಜಿಲ್ಲೆಯಲ್ಲೇ ಕಂಡಿರಲಾರಿರಿ. ಎದುರಿಗೆ ಎಮ್ಮೆ ಬರಲಿ, ಎಮ್ಮೆಯ ಯಜಮಾನ ಬರಲಿ, ಅದು ತಲೆ ತಗ್ಗಿಸಿಯೇ ನಿಂತಿರುತ್ತಿತ್ತು. ಕಾಕಾನಿಗೆ ಮಾತ್ರ ಆ ಗುಣದ ಸೋಂಕು ತಗಲಿರಲಿಲ್ಲ! ತಾನು ಫಿಟ್ಟರ್ ಆಗಿದ್ದ ಫೌಂಡ್ರಿಯ ಇಂಜಿನಿಯರಿಗೂ ಏನೂ ತಿಳಿಯದು, ಜೀಪು ಕಟ್ಟಿದವರಿಗಂತೂ ಮೊದಲೇ ತಿಳಿಯದು ಎಂಬುದು ಅವನ ದೃಢವಾದ ನಂಬಿಕೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕಾಲೇಜು ಓದಲೆಂದು ನಾನು ಬೆಳಗಾವಿಯ ಮಹಾಂತೇಶ ನಗರದಲ್ಲಿ ಕಾಕಾನ, ಅಂದರೆ ಅಪ್ಪನ ತಮ್ಮನ, ಮನೆಯಲ್ಲಿದ್ದೆ. ಕಾಕಾ ಆಗಷ್ಟೇ ಮಿಲಿಟರಿ ಹರಾಜಿನಲ್ಲಿ ಒಂದು ಹಳೆಯ ಜೀಪು ಹಿಡಿದು ತಂದಿದ್ದ. ಬಾಗಿಲಿಲ್ಲ, ಮೇಲೆ ತಾಡಪತ್ರಿಯೂ ಇಲ್ಲ. ಯುದ್ಧ ಮಾಡಿ ಬಂದ ಗಾಡಿ ಎಂದು ಕಾಕಾ ಮೀಸೆ ತಿರುವುತ್ತಿದ್ದ. ಸೋತ ಕಡೆಯದಿರಬೇಕು ಎಂದು ಅವನ ಹೆಂಡತಿ, ನಮ್ಮ ಕಾಕು, ರೊಟ್ಟಿ ಬಡಿಯುತ್ತಲೇ ಅನ್ನುತ್ತಿದ್ದಳು.

ಆ ಜೀಪಿನಲ್ಲಿ ಕಾಕು ಖಾನಾಪುರದ ತವರಿಗೆ ಹೊರಟ ಮೊದಲ ದಿನವೇ ಎಡವಟ್ಟಾಯಿತು. ದೇಸೂರ ದಾಟಿದ ಮೇಲಿನ ಒಂದು ತಿರುವಿನಲ್ಲಿ ಕಾಕಾ ವೇಗ ತಗ್ಗಿಸದೆ ಗಾಡಿ ಹೊರಳಿಸಿದ. ಜೀಪು ಹೊರಳಿತು, ಕಾಕು ಹೊರಳಲಿಲ್ಲ. ನೇರ ಹೋಗಿ ರಸ್ತೆಬದಿಯ ಹುಲ್ಲಿನ ಮೇಲೆ ಕುಳಿತಳು. ಕಾಕಾ ಮಾತಾಡುತ್ತಲೇ ಇನ್ನೂ ಒಂದು ಫರ್ಲಾಂಗು ಹೋಗಿದ್ದನಂತೆ! ಮೈಗೆ ಪೆಟ್ಟಾಗಿರಲಿಲ್ಲ. ಆದರೆ ಬಲಗೈಯ ಹಸಿರು ಬಳೆಗಳು ಅಷ್ಟೂ ಒಡೆದಿದ್ದವು. ಮುತ್ತೈದೆಗೆ ಅದಕ್ಕಿಂತ ದೊಡ್ಡ ಅಪಶಕುನ ಬೇಕೆ? ತವರಿಗೆ ಹೋದವಳೇ ಬಳೆಗಾರ್ತಿಯನ್ನು ಕರೆಸಿ ಕೈತುಂಬ ಬಳೆ ಇಡಿಸಿಕೊಂಡಳು. ಇನ್ನು ಆ ಗಾಡಿ ಹತ್ತುವುದಿಲ್ಲ ಎಂದು ಅಲ್ಲಿಯೇ, ಅವ್ವನ ಎದುರಿಗೇ, ಹೇಳಿಬಿಟ್ಟಳು.

ಕಾಕಾ ಮೂರು ದಿನ ವಿಚಾರ ಮಾಡಿದ. ತಪ್ಪು ತಿರುವಿನದಲ್ಲ, ವೇಗದ್ದಲ್ಲ, ತನ್ನದಂತೂ ಅಲ್ಲವೇ ಅಲ್ಲ. ಜೀಪಿನ ಮೂತಿ ಎತ್ತರವಾಗಿದೆ! ಅದನ್ನು ತಗ್ಗಿಸಿದರೆ ಗಾಡಿ ನೆಲ ಹಿಡಿದು ಓಡುತ್ತದೆ, ಕಾಕು ಮತ್ತೆ ಎಡಗಡೆಯ ಸೀಟಿಗೆ ಬಂದು ಕೂರುತ್ತಾಳೆ. ಅವಳನ್ನು ಅಲ್ಲಿ ಕೂರಿಸುವುದೊಂದೇ ಅಂದಿನಿಂದ ಅವನ ಬದುಕಿನ ಗುರಿಯಾಯಿತು.

ಜೀಪಿನ ಮುಂದಿನ ಭಾರ ಹೊರುವುದಕ್ಕೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ. ಪಾಟಾ ಅಂತಾರೆ ಅದಕ್ಕೆ. ಭಾನುವಾರ ಬಂತೆಂದರೆ ಕಾಕಾ ಜಾಕ್ ಏರಿಸಿ, ಎರಡೂ ಕಡೆಯಿಂದ ಒಂದೊಂದು ಪಾಟಾ ತೆಗೆಯುತ್ತಿದ್ದ. ಮೂತಿ ಒಂದು ಬೆರಳು ಇಳಿಯುತ್ತಿತ್ತು. ಹತ್ತಿ ನೋಡು ಎಂದು ಕಾಕುವನ್ನು ಕರೆಯುತ್ತಿದ್ದ. ಅವಳು ಹೊರಗೆ ಬಂದು, ತೆಗೆದ ಪಾಟಾಗಳನ್ನು ಮಾತ್ರ ಎತ್ತಿಕೊಂಡು ಒಳಗೆ ಹೋಗಿ ಉಪ್ಪಿನಕಾಯಿ ಭರಣಿಯ ಮೇಲೆ ಹೇರುತ್ತಿದ್ದಳು. ಆ ವರ್ಷದಷ್ಟು ಗಟ್ಟಿಯಾಗಿ ನಮ್ಮ ಮನೆಯ ಉಪ್ಪಿನಕಾಯಿ ಎಂದೂ ಕೂತಿರಲಿಲ್ಲ.

ಮೂರನೆಯ ಭಾನುವಾರ ಕಳೆದ ಮೇಲೆ ಎದುರು ಮನೆಯ ಜೈನ ವ್ಯಾಪಾರಿ, ಬಹಳ ಸಂಭಾವಿತರು, ಕಾಂಪೌಂಡಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು: “ಏನ್ರೀ, ನಿಮ್ಮ ಗಾಡಿ ಏನರ ಕಳಕೊಂಡೈತೇನ್ರಿ? ನೆಲಾ ನೋಡ್ಕೋತ ನಿಂತೈತಿ.”

ಕಾಕಾ ಸೋಲುವ ಪೈಕಿಯೇ? ಪರೀಕ್ಷೆಗೆ ಮೊಸರನ್ನು ಹಿಡಿದ. ಖಾನಾಪುರದ ಅತ್ತೆಯಿಂದ ಒಂದು ಗಡಿಗೆ ಕೆನೆಮೊಸರು ಇಸಿದುಕೊಂಡು, ಕಾಕು ಕೂರಬೇಕಾದ ಸೀಟಿನ ಮೇಲೆ ಸಿಂಬೆ ಇಟ್ಟು ಕೂರಿಸಿ ತರುತ್ತಿದ್ದ. ಮೊಸರು ಒಡೆಯದೆ ಬಂದರೆ ಹೆಂಡತಿಯೂ ಒಡೆಯದೆ ಬರುತ್ತಾಳೆ, ಅಷ್ಟೇ ಲೆಕ್ಕ. ಕಾಕು ಮುಚ್ಚಳ ತೆಗೆದು ಇಣುಕುವಳು, ಮುಚ್ಚುವಳು, ಮಜ್ಜಿಗೆ ಕಡೆಯಲು ಕೂರುವಳು. ಮೂತಿ ಇಳಿದಷ್ಟೂ ತಗ್ಗುಗಳು ನೇರವಾಗಿ ಗಾಡಿಯ ಹೊಟ್ಟೆಗೇ ಬಡಿಯುತ್ತಿದ್ದವು. ಫಿಟ್ಟರಿಗೆ ಇದನ್ನು ಹೇಳುವವರು ಯಾರು?

ಇಷ್ಟಾದರೂ ಕಾಕು ತವರಿಗೆ ಹೋಗುತ್ತಿದ್ದದ್ದು ಬಸ್ಸಿನಲ್ಲಿ. ಕಾಕಾ ಏನು ಮಾಡುತ್ತಿದ್ದ ಗೊತ್ತೆ? ಖಾಲಿ ಜೀಪು ಓಡಿಸಿಕೊಂಡು ಆ ಬಸ್ಸಿನ ಹಿಂದೆಯೇ ಖಾನಾಪುರದವರೆಗೆ ಹೋಗುತ್ತಿದ್ದ, ಹಿಂದೆಯೇ ಬರುತ್ತಿದ್ದ! ಬಸ್ಸು ಕೆಟ್ಟರೆ ಎಂಬ ಆಸೆ. ಕಂಡಕ್ಟರನಿಗೂ ರೂಢಿಯಾಗಿತ್ತು. ಸೀಟಿ ಊದುವ ಮೊದಲು ಅವನು ಕಾಕುವನ್ನು ಕೇಳುತ್ತಿದ್ದ: “ಅಕ್ಕಾರ, ಮಾಲಕರು ಹಿಂದ ಬಂದ್ರೇನು ನೋಡ್ರಿ. ಬಿಡೂಣೇನು?”

ಒಂದು ಶನಿವಾರ ಕಾಕುವಿನ ಜೊತೆ ನಾನೂ ಹೋಗಿದ್ದೆ. ಮರಳುವಾಗ ಬಸ್ಸಿನಲ್ಲಿ ಮುಂದೆ ಬೇಕಾದಷ್ಟು ಜಾಗವಿದ್ದರೂ ಕಾಕು ಕಟ್ಟಕಡೆಯ ಸೀಟಿಗೇ ಹೋಗಿ ಕೂತಳು. ಅಲ್ಲಿ ಕೂತರೆ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಎಣಿಸಬಹುದು! ನಾನು ಗೊಣಗಿದೆ, ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ದೇಸೂರ ಇನ್ನೂ ಸ್ವಲ್ಪ ದೂರವಿದ್ದಾಗ ಬಸ್ಸು ಒಂದು ದೊಡ್ಡ ತಗ್ಗು ಹಾರಿತು. ಹಿಂದಿನ ಗಾಜಿನಲ್ಲಿ ನೋಡುತ್ತಿದ್ದ ಕಾಕು ಕಿಟಾರನೆ ಕಿರುಚಿದಳು. ಅದೇ ತಗ್ಗಿಗೆ ಜೀಪಿನ ಮೂತಿ ಇಳಿದು, ಗಾಡಿ ಅಡ್ಡ ತಿರುಗಿ, ರಸ್ತೆ ಬಿಟ್ಟು ಹೊಲದ ಬದುವಿಗೆ ಹೋಗಿ ನಿಂತಿತ್ತು.

ಬಸ್ಸು ನಿಲ್ಲುವ ಮೊದಲೇ ಕಾಕು ಇಳಿದು ಬರಿಗಾಲಲ್ಲಿ ಓಡಿದಳು, ಅವಳ ಹಿಂದೆ ನಾನೂ ಓಡಿದೆ. ಕಾಕಾ ಸ್ಟೀರಿಂಗ್ ಹಿಡಿದು ಕೂತೇ ಇದ್ದ. ಗಡಿಗೆ ಚೂರಾಗಿ, ಮೊಸರು ಅವನ ಮೀಸೆಯಿಂದ ಸೊಂಟದವರೆಗೆ ಇಳಿದಿತ್ತು. ಗಾಯವಿರಲಿಲ್ಲ. ಇನ್ನೊಂದು ಪಾಟಾ ತೆಗೆದರೆ ಸರಿಹೋಗುತ್ತದೆ ಎಂದು ಶುರುಮಾಡಿದ. ಕಾಕು ಸೆರಗಿನಿಂದ ಅವನ ಮುಖ ಒರೆಸತೊಡಗಿದಳು.

“ನಾ ಬೀಳ್ತೀನಂತ ಅಂಜಿಲ್ರಿ,” ಎಂದಳು. “ನಾ ಹತ್ತದಿದ್ರ ಈ ಗಾಡಿ ಬಿಟ್ಟೀರಂತ ಹಟಾ ಹಿಡದಿದ್ದೆ. ನೀವು ಬಿಡಲಿಲ್ಲ. ಪ್ರತಿ ಸಲ ಹಿಂದಿನ ಸೀಟಿನ್ಯಾಗ ಕುಂತು ನಿಮ್ಮನ್ನ ನೋಡ್ಕೋತ ಬರ್ತೀನಿ. ಕಣ್ಣ ಪಿಳುಕಿಸಿದ್ರ ಎಲ್ಲಿ ಕಾಣದಂಗ ಆಗ್ತೀರೋ ಅಂತ.”

ಕಂಡಕ್ಟರ್ ಸೀಟಿ ಊದಿದ. ಕಾಕು ಅವನಿಗೆ ಹೋಗೆಂದು ಕೈ ಮಾಡಿ, ಗಡಿಗೆಯ ಚೂರುಗಳನ್ನು ಬದಿಗೆ ಸರಿಸಿ, ನಿರಿಗೆ ಎತ್ತಿಕೊಂಡು ಎಡಗಡೆಯ ಸೀಟಿಗೆ ಹತ್ತಿದಳು.

“ನಡೀರಿ. ಬಿದ್ರ ಇಬ್ಬರೂ ಕೂಡೇ ಬೀಳೂಣು.”

ನಾನು ಓಡಿ ಹೋಗಿ ಬಸ್ಸು ಹತ್ತಿ ಬಂದೆ. ಮನೆಗೆ ಬಂದು, ಚಹಾ ಕುಡಿದು, ಗೇಟಿನಲ್ಲಿ ನಿಂತು ನಿಂತು ಕಾಲು ಸೋತ ಮೇಲೆ ಜೀಪು ಓಣಿಗೆ ತಿರುಗಿತು. ನಡೆದು ಬಂದಿದ್ದರೂ ಇದಕ್ಕಿಂತ ಬೇಗ ಮುಟ್ಟುತ್ತಿದ್ದರೇನೋ! ಕಾಕಾ ಮೊದಲು ಇಳಿದ. ಸುತ್ತಿ ಈ ಕಡೆ ಬಂದು ಕಾಕುವಿಗೆ ಕೈ ಚಾಚಿದ. ನಮ್ಮ ಮನೆತನದ ಗಂಡಸರು ನಾಲ್ಕು ಜನರೆದುರು ಹೆಂಡತಿಯ ಕೈ ಹಿಡಿಯುವುದು ಮದುವೆಯಲ್ಲಿ ಅಕ್ಕಿಕಾಳು ಬೀಳುವ ದಿನ ಒಂದೇ ಸಲ. ಎದುರು ಮನೆಯವರು ನೋಡುತ್ತಿದ್ದರು, ಓಣಿಯೆಲ್ಲ ನೋಡುತ್ತಿತ್ತು. ಕಾಕು ಇಳಿದು ನೆಲದ ಮೇಲೆ ನಿಂತ ಮೇಲೂ ಕಾಕಾ ಆ ಕೈ ಬಿಡಲಿಲ್ಲ.