ಕೆಂಪು ಚುಕ್ಕೆ, ಕಪ್ಪು ಕಲೆ

ಇವತ್ತಾದರೂ ಹೇಳಿಬಿಡಲೇ, ಬೇಡವೇ? ಹೇಳಿದರೆ ನಂಬುತ್ತಾರೆಯೇ? ನಂಬಿದರೂ, ಇಷ್ಟು ವರ್ಷ ಬಾಯಲ್ಲಿ ಏನಿಟ್ಟುಕೊಂಡಿದ್ದೆ ಎಂದು ಕೇಳಿದರೆ?

ಕಿರಿಯ ಮಗ ಊಟದ ಮೇಜಿನ ಮೇಲೆ ಅಪ್ಪನ ಹಳೆಯ ಸ್ಲೈಡುಗಳನ್ನು ಹರಡಿಕೊಂಡು ಕೂತಿದ್ದ. ರಟ್ಟಿನ ಚೌಕಟ್ಟು, ನಡುವೆ ಅಂಚೆಚೀಟಿಯಷ್ಟು ಬಣ್ಣದ ಫಿಲ್ಮು. ಕ್ಯಾಮೆರಾ ಸದಾ ಅಪ್ಪನ ಕೈಯಲ್ಲೇ ಇರುತ್ತಿದ್ದುದರಿಂದ ಪೆಟ್ಟಿಗೆಯ ತುಂಬ ಎಲ್ಲರೂ ಇದ್ದರು. ಅಪ್ಪ ಮಾತ್ರ ಒಂದೇ ಒಂದರಲ್ಲಿ. ಅದನ್ನು ತೆಗೆದವನು ಅಣ್ಣ ಎಂದು ಮನೆಯವರೆಲ್ಲರ ನಂಬಿಕೆ. ತೆಗೆದವನು ಇವನು. ಆ ದಿನ ಕ್ಯಾಮೆರಾ ನೇತುಹಾಕಿಕೊಂಡು ಮನೆಗೆ ಬಂದವನು ಅಣ್ಣನಾದ್ದರಿಂದ ಹೊಗಳಿಕೆ ಅವನ ಪಾಲಾಗಿತ್ತು. ಇವನು ಬಾಯಿ ಬಿಟ್ಟಿರಲಿಲ್ಲ. ಸಾಕ್ಷಿ ಆ ಸ್ಲೈಡಿನಲ್ಲೇ ಇತ್ತು. ಗೋಡೆಯ ಮೇಲೆ ದೊಡ್ಡದಾಗಿ ಬಿದ್ದರೆ ಸಾಕು.

"ಒಂದ್ಸಲ ನಿಮ್ಮಪ್ಪನ್ನ ಗೋಡೆ ಮೇಲೆ ನೋಡ್ಬೇಕು ಕಣೋ" ಎಂದಿದ್ದಳು ಅಮ್ಮ. ಸ್ಲೈಡುಗಳನ್ನು ಗೋಡೆಗೆ ಬೀರುವ ಅಪ್ಪನ ಹಳೆಯ ಪ್ರೊಜೆಕ್ಟರಿಗೆ ಉಳಿದಿದ್ದದ್ದು ಒಂದೇ ಬಲ್ಬು. ಇನ್ನೊಂದು ಕೇಳಿದಾಗ ಅಂಗಡಿಯವನು, ಕುದುರೆಗಾಡಿಗೆ ಪೆಟ್ರೋಲು ಕೇಳಿದವನನ್ನು ನೋಡುವಂತೆ ನೋಡಿದ್ದ.

ಅಷ್ಟರಲ್ಲಿ ಕೆಳಮನೆಯ ಕಾಂಪೌಂಡರ್ ಹೇಳದೆ ಕೇಳದೆ ಒಳಗೆ ಬಂದರು.

"ಏನಯ್ಯಾ, ಬೂಷ್ಟು ಹಿಡಿದಿದೆಯಲ್ಲ. ಹೀಗೇ ಬಿಟ್ರೆ ಚಿತ್ರಾನೇ ತಿಂದ್ಹಾಕುತ್ತೆ. ಇರು, ಸ್ಪಿರಿಟ್ ತರ್ತೀನಿ."

ತಂದರು. ಹತ್ತಿಯನ್ನು ಅದ್ದಿಕೊಟ್ಟ ಗತ್ತು ನೋಡಿ ಅವನು ಒಂದು ಕ್ಷಣ ಇಂಜೆಕ್ಷನ್ನಿಗೆಂದು ತೋಳು ಚಾಚುವವನಿದ್ದ. "ಮೂಲೆ ಮೂಲೆ ಒರೆಸು" ಎಂದು ಅವರು ಕುರ್ಚಿ ಎಳೆದುಕೊಂಡು ಕೂತರು.

ಮೂಲೆಯಲ್ಲಿ ಪ್ರತಿ ಚೌಕಟ್ಟಿಗೂ ಒಂದು ಕೆಂಪು ಚುಕ್ಕೆ ಇತ್ತು. ಅವನ ಉದ್ಯೋಗವೋ, ಅಚ್ಚುಮನೆಯಲ್ಲಿ ಕರಡು ತಿದ್ದುವುದು. ಬೇಡದ ಕಡೆ ಚುಕ್ಕೆ ಕಂಡರೆ ಕೈ ಸುಮ್ಮನಿರದು. ಬೂಷ್ಟಿನ ಜೊತೆ ಚುಕ್ಕೆಗಳನ್ನೂ ಒರೆಸಿ, ಒಳ್ಳೆಯ ಕೆಲಸ ಮಾಡಿದವನಂತೆ ಬೆನ್ನು ನೆಟ್ಟಗೆ ಮಾಡಿದ.

ಸಂಜೆ ಅಣ್ಣ ಬಂದ. ಎದುರುಮನೆಯ ಟೈಲರ್ ಬಿಳಿ ಬಟ್ಟೆ ತಂದು ಗೋಡೆಗೆ ಮೊಳೆ ಹೊಡೆದು ಕಟ್ಟಿ, ಮುಂದಿನ ಸಾಲಿನಲ್ಲೇ ಕೂತ. ದೀಪ ಆರಿಸಿದರು. ಮೊದಲ ಸ್ಲೈಡಿನಲ್ಲಿ ಸೋದರತ್ತೆ ಬಾವಲಿಯ ಹಾಗೆ ತಲೆಕೆಳಗಾಗಿ ನೇತಾಡಿದಳು.

"ಲೋ, ಅಪ್ಪ ಹಾಕಿದ್ದ ಕೆಂಪು ಚುಕ್ಕೆ ಎಲ್ಲಿ?" ಎಂದ ಅಣ್ಣ. "ಅದು ಹೆಬ್ಬೆರಳಿನ ಕೆಳಗೆ ಬರೋ ಹಾಗೆ ಹಿಡ್ದು ಹಾಕ್ಬೇಕು."

"ಒರೆಸ್ದೆ."

"ಚುಕ್ಕೇನಾ?"

"ಕೊಳೆ ಅಂದ್ಕೊಂಡೆ."

ತಿರುಗಿಸಿ ಹಾಕಿದರೆ ಶಾಲೆಯ ಹಲಗೆಯ ಅಕ್ಷರಗಳು ಹಿಂದುಮುಂದಾದವು. ಮತ್ತೆ ತಿರುಗಿಸಿದರೆ ಅಣ್ಣನೇ ಸೈಕಲ್ ಸಮೇತ ಆಕಾಶದಲ್ಲಿದ್ದ.

"ಹಾಗೇ ಇರ್ಲಿ ಬಿಡಿ ಸಾರ್, ನಾವೇ ಕತ್ತು ತಿರುಗಿಸ್ಕೊಳ್ತೀವಿ" ಎಂದ ಟೈಲರ್.

ಒಂದೊಂದು ತಪ್ಪಿಗೂ ಬಲ್ಬಿನ ಆಯಸ್ಸು ಸವೆಯುತ್ತಿತ್ತು. ಸುಟ್ಟ ಧೂಳಿನ ವಾಸನೆ ಎದ್ದಾಗ ಅವನು ಉಳಿದವನ್ನೆಲ್ಲ ಬದಿಗಿಟ್ಟು ಅಪ್ಪನ ಸ್ಲೈಡನ್ನು ಕೈಗೆತ್ತಿಕೊಂಡ. ಅದಕ್ಕೆ ಚುಕ್ಕೆ ಬೇಕಿರಲಿಲ್ಲ. ಅದರ ಮೇಲು ಕೆಳಗು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತು.

ಅಪ್ಪ ನೆಟ್ಟಗೆ ನಿಂತ. ಬರಿತಲೆ, ಬಿಸಿಲಿಗೆ ಮುಚ್ಚಿದ ಒಂದು ಕಣ್ಣು, ನಗು.

"ಬಿಸಿಲಲ್ಲಿ ಹೀಗೇ ಒಂದು ಕಣ್ಣು ಮುಚ್ಚೋರು" ಎಂದಳು ಅಮ್ಮ. "ಎಷ್ಟು ಚೆನ್ನಾಗಿ ತೆಗ್ದಿದಾನೆ ನೋಡಿ ನಮ್ಮ ದೊಡ್ಡೋನು."

"ಹೂಂ, ಏನೋ, ಆಗ ಕೈ ನಡುಗ್ತಿರ್ಲಿಲ್ಲ" ಎಂದ ಅಣ್ಣ.

ಅಪ್ಪನ ಕಾಲಬುಡದಲ್ಲಿ, ಹುಲ್ಲಿನ ಮೇಲೆ, ಚಿತ್ರ ತೆಗೆದವನ ನೆರಳಿತ್ತು. ಚಾಚಿದ ಎರಡು ಮೊಣಕೈ, ತಲೆಗಿಂತ ದೊಡ್ಡ ಟೋಪಿ. ಬಿಸಿಲು ಕಣೋ ಎಂದು ಅಪ್ಪ ತನ್ನ ಟೋಪಿ ತೆಗೆದು ಕಿರಿಯನ ತಲೆಗಿಟ್ಟಿದ್ದ. ಅದು ಮೂಗಿನವರೆಗೆ ಜಾರಿದಾಗ ನಕ್ಕಿದ್ದ. ಆ ನಗುವೇ ಈ ನಗು.

ಅವನು ಎದ್ದು ಬೆರಳು ಚಾಚಿದ. "ಅಮ್ಮ, ಇಲ್ಲಿ ಕೆಳಗೆ ನೋಡು."

"ಹೌದಲ್ಲ, ಏನೋ ಅದು ಕಪ್ಪಗೆ?"

"ಬೂಷ್ಟು" ಎಂದರು ಕಾಂಪೌಂಡರ್. "ಚುಕ್ಕೆ ಎಲ್ಲ ಒರೆಸಿದಾನೆ, ಒರೆಸ್ಬೇಕಾದ್ದನ್ನೇ ಬಿಟ್ಟಿದಾನೆ."

ಎಲ್ಲರೂ ನಕ್ಕರು. ಅವನು ಬಾಯಿ ತೆರೆದ. ಟಪ್ಪೆಂದು ಬಲ್ಬು ಹೋಯಿತು.

ಕತ್ತಲಲ್ಲಿ ಅಮ್ಮನ ದನಿ ಮೆತ್ತಗೆ ಬಂತು. "ಪಾಪ, ಬೈಬೇಡಿ ಅವನನ್ನ. ನಾಳೆ ಒರೆಸಿಡ್ತಾನೆ. ಅಲ್ವೇನೋ?"

"ಹೂಂ ಅಮ್ಮ" ಎಂದ.

ಅದು ತನ್ನ ನೆರಳು ಎಂದು ಅವನು ಯಾರಿಗೂ, ಎಂದೂ ಹೇಳಲಿಲ್ಲ.